ನೆಲದೊಳಗೆ ಉಳಿದ ಯುದ್ಧ: ರಾಯಭಾರಿ ಪೀಟ್ ಪೀಟರ್ಸನ್ ಅವರ ಬದುಕು

1997ರ ಸೆಪ್ಟೆಂಬರ್ ತಿಂಗಳ ಒಂದು ದಿನ. ವಿಯೆಟ್ನಾಮಿನ ರಾಜಧಾನಿ ಹನೋಯಿಯಿಂದ ಪೂರ್ವಕ್ಕಿರುವ ಆನ್ ದೊವಾಯ್ ಎಂಬ ಪುಟ್ಟ ಹಳ್ಳಿಗೆ ಗಣ್ಯ ಅತಿಥಿಯೊಬ್ಬರು ಬಂದಿಳಿದರು. ಅವರು ಅಮೆರಿಕ ದೇಶದ ರಾಯಭಾರಿ. ವಯಸ್ಸು ಅರವತ್ತೆರಡು. ಹಳ್ಳಿಯ ಇಬ್ಬರು ಹಿರಿಯರು ಮುಂದೆ ಬಂದು ಅವರ ಕೈಹಿಡಿದು ಬರಮಾಡಿಕೊಂಡರು. ಒಟ್ಟಿಗೆ ಕುಳಿತು ಚಹಾ ಕುಡಿದರು. ಗದ್ದೆಯ ಬದುವಿನ ಮೇಲೆ ನಡೆದರು. ಹೊರಗಿನಿಂದ ನೋಡಿದವರಿಗೆ ಇದೊಂದು ಸಾಮಾನ್ಯ ಸೌಜನ್ಯದ ಭೇಟಿಯೆಂದೇ ತೋರಬಹುದು. ಆದರೆ ಆ ಮೂವರೂ ಅದಕ್ಕೆ ಮೂವತ್ತೊಂದು ವರ್ಷ ಹಿಂದೆ ಅದೇ ಗದ್ದೆಯಲ್ಲಿ ಭೇಟಿಯಾಗಿದ್ದರು. ಅಂದು ರಾಯಭಾರಿಯವರು ಬಂದದ್ದು ಆಕಾಶದಿಂದ, ಉರಿಯುತ್ತಿದ್ದ ಯುದ್ಧವಿಮಾನದಿಂದ ಹೊರಕ್ಕೆ ಚಿಮ್ಮಿ. ಕೈಕಾಲು ಮುರಿದುಕೊಂಡು ಬಿದ್ದಿದ್ದ ಅವರನ್ನು ಸೆರೆಹಿಡಿದವರಲ್ಲಿ ಈ ಇಬ್ಬರು ರೈತರೂ ಇದ್ದರು.

ಆ ರಾಯಭಾರಿಯ ಹೆಸರು ಡಗ್ಲಸ್ ಪೀಟರ್ಸನ್. ಲೋಕ ಅವರನ್ನು ಅರಿತಿರುವುದು ಪೀಟ್ ಪೀಟರ್ಸನ್ ಎಂಬ ಹೆಸರಿನಿಂದ. ಯುದ್ಧ ಮುಗಿದ ಬಳಿಕ ವಿಯೆಟ್ನಾಮಿಗೆ ಅಮೆರಿಕ ಕಳುಹಿಸಿದ ಮೊತ್ತಮೊದಲ ರಾಯಭಾರಿ ಅವರು. ಬಾಂಬು ಹಾಕಲು ಹಾರಿದ ಕೈಗಳೇ ಮೂರು ದಶಕಗಳ ತರುವಾಯ ಅದೇ ನೆಲದಲ್ಲಿ ಸಂಧಾನದ ಕಾಗದಪತ್ರಗಳಿಗೆ ಸಹಿ ಮಾಡಿದ ಈ ಕಥೆ ಕುತೂಹಲಕರ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ನಮ್ಮ ಮುಂದಿಡುವ ಪ್ರಶ್ನೆ ಕುತೂಹಲಕ್ಕಿಂತ ಗಂಭೀರವಾದದ್ದು. ನಾವು ಮಾಡಿದ ಹಾನಿ ನಮ್ಮ ಕೋಪ ಆರಿದ ಮೇಲೂ ನೆಲದೊಳಗೆ ಜೀವಂತವಾಗಿ ಉಳಿದಿದ್ದರೆ, ಅದನ್ನು ಅಗೆದು ತೆಗೆಯುವ ಹೊಣೆ ಯಾರದು?

ಹಾರಾಟ ಮತ್ತು ಸೆರೆವಾಸ

ಪೀಟರ್ಸನ್ ಅವರು ಜನಿಸಿದ್ದು 1935ರಲ್ಲಿ, ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹ ನಗರದಲ್ಲಿ. ಹತ್ತೊಂಬತ್ತರ ಹರೆಯದಲ್ಲಿ ವಾಯುಪಡೆಗೆ ಸೇರಿ ಯುದ್ಧವಿಮಾನದ ಚಾಲಕರಾದರು. 1966ರಲ್ಲಿ ಅವರ ತುಕಡಿ ಥೈಲೆಂಡಿನ ಉಬೋನ್ ನೆಲೆಯಿಂದ ಉತ್ತರ ವಿಯೆಟ್ನಾಮಿನ ಮೇಲೆ ದಾಳಿಗೆ ಹೊರಡುತ್ತಿತ್ತು. ಮದುವೆಯಾಗಿ ಮಕ್ಕಳಿದ್ದ ಯುವಕ. ಆ ಕಾಲದ ಸಾವಿರಾರು ಅಧಿಕಾರಿಗಳಂತೆ ಆಜ್ಞೆ ಬಂದಾಗ ಹಾರಿದರು, ಗುರಿ ತೋರಿಸಿದಲ್ಲಿ ಬಾಂಬು ಹಾಕಿದರು.

1966ರ ಸೆಪ್ಟೆಂಬರ್ 10ರ ರಾತ್ರಿ ಅವರದು ಅರವತ್ತೇಳನೆಯ ಹಾರಾಟ. ನೆಲದಿಂದ ಹಾರಿಬಂದ ಕ್ಷಿಪಣಿ ವಿಮಾನಕ್ಕೆ ತಗುಲಿತು. ಅವರೂ ಜೊತೆಗಾರ ಚಾಲಕರೂ ಹೊರಚಿಮ್ಮಿದರು. ಪೀಟರ್ಸನ್ ಅವರ ಪ್ಯಾರಾಚೂಟ್ ಹಳ್ಳಿಯ ಮಾವಿನ ಮರವೊಂದಕ್ಕೆ ಸಿಕ್ಕಿಕೊಂಡಿತು. ಕೈ, ಕಾಲು, ಭುಜ ಮುರಿದಿದ್ದವು. ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ. ತಮ್ಮ ಊರುಗಳ ಮೇಲೆ ಬಾಂಬು ಸುರಿಯುವವರನ್ನು ಕಂಡರೆ ಹಳ್ಳಿಗರಿಗೆ ಎಂಥ ಸಿಟ್ಟಿದ್ದಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಅವರು ಕೊಲ್ಲಲ್ಪಡಲಿಲ್ಲ.

ಅಲ್ಲಿಂದ ಮುಂದಿನ ಸುಮಾರು ಆರೂವರೆ ವರ್ಷ ಅವರದು ಸೆರೆಯಾಳಿನ ಬದುಕು. ಹನೋಯಿ ನಗರದ ಹೊವಾ ಲೋ ಸೆರೆಮನೆಯನ್ನು ಫ್ರೆಂಚರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದರು. ತಮ್ಮ ಆಳ್ವಿಕೆಯನ್ನು ವಿರೋಧಿಸಿದ ವಿಯೆಟ್ನಾಮಿಗರನ್ನು ಅವರು ಅಲ್ಲಿ ಸಂಕೋಲೆಯಲ್ಲಿ ಇಟ್ಟಿದ್ದರು. ಆ ಹೆಸರಿನ ಅರ್ಥವೇ ಉರಿಯುವ ಒಲೆ. ಅಂಥ ಒಲೆಯಲ್ಲಿ ಈಗ ಬೇಯುವ ಸರದಿ ಅಮೆರಿಕದ ವಿಮಾನಚಾಲಕರದಾಯಿತು. ಪೀಟರ್ಸನ್ ಚಿತ್ರಹಿಂಸೆ ಅನುಭವಿಸಿದರು. ಏಕಾಂತವಾಸ ಅನುಭವಿಸಿದರು. ಮುಂದೆ ಅಮೆರಿಕದ ಸೆನೆಟ್ ಸದಸ್ಯರಾಗಿ ಎರಡು ದೇಶಗಳ ಸಂಬಂಧ ಸುಧಾರಣೆಗೆ ಶ್ರಮಿಸಿದ ಜಾನ್ ಮೆಕೇನ್ ಅವರೂ ಇದೇ ಸೆರೆಯ ಗೋಡೆಗಳನ್ನು ಕಂಡವರೇ.

ಪ್ಯಾರಿಸ್ ಒಪ್ಪಂದದ ಅನಂತರ, 1973ರ ಮಾರ್ಚ್ 4ರಂದು ಪೀಟರ್ಸನ್ ಬಿಡುಗಡೆಯಾದರು. ದ್ವೇಷವನ್ನು ಸೆರೆಮನೆಯ ಬಾಗಿಲಲ್ಲೇ ಬಿಟ್ಟುಬಂದೆ ಎಂಬ ಅರ್ಥದ ಮಾತನ್ನು ಅವರು ಅನೇಕ ಬಾರಿ ಹೇಳಿದ್ದಾರೆ. ಕೇಳಲು ಇದು ಸುಲಭದ ಮಾತು. ಒಂದು ಗೇಣು ಜಾಗದ ಬದುವಿನ ತಕರಾರಿಗಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಮಾತು ಬಿಟ್ಟಿರುವ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಆರೂವರೆ ವರ್ಷದ ಯಾತನೆಯನ್ನು ಬಾಗಿಲಲ್ಲಿ ಇಳಿಸಿ ನಡೆಯುವುದು ಒಂದು ದಿನದ ಕೆಲಸವಾಗಿರಲಿಲ್ಲ. ಆ ಮಾತನ್ನು ನಿಜವಾಗಿಸಲು ಅವರ ಉಳಿದ ಬದುಕೇ ಬೇಕಾಯಿತು.

ಸಂಸತ್ತಿನಿಂದ ರಾಯಭಾರ ಕಚೇರಿಗೆ

ವಾಯುಪಡೆಯಿಂದ ಕರ್ನಲ್ ಹುದ್ದೆಯಲ್ಲಿ ನಿವೃತ್ತರಾದ ಪೀಟರ್ಸನ್ ಫ್ಲೋರಿಡ ರಾಜ್ಯದಲ್ಲಿ ನೆಲೆಸಿದರು. ದಾರಿ ತಪ್ಪಿದ ಬಾಲಕರ ಪುನರ್ವಸತಿ ಕಾರ್ಯದಲ್ಲಿ ಕೆಲಕಾಲ ದುಡಿದರು. 1990ರ ಚುನಾವಣೆಯಲ್ಲಿ ಗೆದ್ದು ಅಮೆರಿಕ ಸಂಸತ್ತಿನ ಕೆಳಮನೆಯ ಸದಸ್ಯರಾಗಿ ಮೂರು ಅವಧಿ ಸೇವೆ ಸಲ್ಲಿಸಿದರು. ಈ ನಡುವೆ ಅವರ ಮನೆಯಲ್ಲಿ ಸಾವು ಎರಡು ಬಾರಿ ಬಂದುಹೋಯಿತು. 1983ರಲ್ಲಿ ಮಗನೊಬ್ಬ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಸೆರೆವಾಸದ ವರ್ಷಗಳುದ್ದಕ್ಕೂ ಕಾದಿದ್ದ ಪತ್ನಿ 1995ರಲ್ಲಿ ಕ್ಯಾನ್ಸರಿಗೆ ಬಲಿಯಾದರು.

ಅದೇ 1995ರ ಜುಲೈನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ವಿಯೆಟ್ನಾಮಿನೊಡನೆ ರಾಜತಾಂತ್ರಿಕ ಸಂಬಂಧವನ್ನು ಪುನಃ ಸ್ಥಾಪಿಸುವುದಾಗಿ ಘೋಷಿಸಿದರು. ಮರುವರ್ಷ ರಾಯಭಾರಿ ಹುದ್ದೆಗೆ ಪೀಟರ್ಸನ್ ಅವರ ಹೆಸರನ್ನು ಸೂಚಿಸಿದರು. ಆದರೆ ಸಂಸತ್ ಸದಸ್ಯರೊಬ್ಬರನ್ನು ಅವರ ಅವಧಿಯಲ್ಲೇ ಸೃಷ್ಟಿಯಾದ ಸರ್ಕಾರಿ ಹುದ್ದೆಗೆ ನೇಮಿಸಬಾರದೆಂಬ ನಿಯಮ ಅಮೆರಿಕದ ಸಂವಿಧಾನದಲ್ಲಿದೆ. ಹೀಗಾಗಿ ಅವರ ಅವಧಿ ಮುಗಿಯುವವರೆಗೆ ಕಾಯಬೇಕಾಯಿತು. 1997ರ ಏಪ್ರಿಲ್‌ನಲ್ಲಿ ಸೆನೆಟ್ ಒಪ್ಪಿಗೆ ನೀಡಿತು. ಮೇ ತಿಂಗಳಲ್ಲಿ ಪೀಟರ್ಸನ್ ಹನೋಯಿ ತಲುಪಿದರು. ಸಂಕೋಲೆಯಲ್ಲಿ ಕಂಡ ನಗರದಲ್ಲಿ ಈಗ ಅವರ ಕಾರಿನ ಮೇಲೆ ಧ್ವಜ ಹಾರಾಡಿತು. ಅವರು ಆ ಕಾರಿಗೇ ಅಂಟಿಕೊಂಡಿರಲಿಲ್ಲ. ಹನೋಯಿಯ ಜನಜಂಗುಳಿಯ ನಡುವೆ ಮೋಟಾರ್ ಸೈಕಲ್ ಏರಿ ಓಡಾಡುತ್ತಿದ್ದರೆಂದು ಆ ಕಾಲದ ಪತ್ರಿಕೆಗಳು ಬರೆದವು.

ಅವರು ಹನೋಯಿಗೆ ಬರುವ ಒಂದು ತಿಂಗಳ ಹಿಂದಷ್ಟೇ ನಡೆದ ಸಂಗತಿಯೊಂದನ್ನು ಇಲ್ಲಿ ನೆನೆಯಬೇಕು. ಯುದ್ಧಕಾಲದಲ್ಲಿ ದಕ್ಷಿಣ ವಿಯೆಟ್ನಾಮಿನ ಸರ್ಕಾರ ಅಮೆರಿಕದಿಂದ ಸಾಲ ಪಡೆದಿತ್ತು. ಸೋತು ಮರೆಯಾದ ಆ ಸರ್ಕಾರದ ಸಾಲವನ್ನು, ಸುಮಾರು 14.5 ಕೋಟಿ ಡಾಲರುಗಳನ್ನು, ತೀರಿಸಲು ಹನೋಯಿ ಸರ್ಕಾರ ಒಪ್ಪಿ ಸಹಿ ಹಾಕಿತು. ಬಾಂಬಿನ ಪೆಟ್ಟು ತಿಂದ ದೇಶವೇ ತನ್ನ ಎದುರಾಳಿಯ ಸಾಲಕ್ಕೆ ಹೊಣೆಯಾಯಿತು. ಬಾಂಬು ಹಾಕಿದ ದೇಶದ ಬಾಕಿಯೋ ಯಾವ ಲೆಕ್ಕಪುಸ್ತಕದಲ್ಲೂ ಬರೆದಿರಲಿಲ್ಲ. ಅದು ಮಣ್ಣಿನ ಅಡಿಯಲ್ಲಿತ್ತು.

1998ರ ಮೇ ತಿಂಗಳಲ್ಲಿ ಪೀಟರ್ಸನ್ ಅವರು ಹನೋಯಿಯ ಕಥೋಲಿಕ ಪ್ರಧಾನಾಲಯದಲ್ಲಿ ಮರುವಿವಾಹವಾದರು. ವಧು ವಿ ಲೆ ಅವರು ಸೈಗಾನ್ ನಗರದಲ್ಲಿ ಜನಿಸಿ, ಆಸ್ಟ್ರೇಲಿಯದ ಪ್ರಜೆಯಾಗಿ, ಆ ದೇಶದ ವಾಣಿಜ್ಯ ಪ್ರತಿನಿಧಿಯಾಗಿ ಹನೋಯಿಯಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಕಾಲದಲ್ಲಿ ತಾನು ಸೆರೆಯಾಳಾಗಿದ್ದ ನಗರದಲ್ಲೇ ಅವರು ವಿವಾಹ ಸಂಸ್ಕಾರದ ವಚನ ಕೊಟ್ಟರು.

ಮಣ್ಣಿನೊಳಗಿನ ಬಾಕಿ

ಆ ಬಾಕಿ ಎಷ್ಟೆಂಬುದನ್ನು ತಿಳಿಯಲು ಕೆಲವು ಅಂಕಿಗಳು ಬೇಕು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯ ಈ ಮೂರು ದೇಶಗಳ ಮೇಲೆ ಅಮೆರಿಕ ಸುರಿದ ಬಾಂಬುಗಳ ತೂಕ ಎರಡನೆಯ ಮಹಾಯುದ್ಧದಲ್ಲಿ ಅದು ಬಳಸಿದ ಬಾಂಬುಗಳ ತೂಕಕ್ಕಿಂತ ಎರಡು ಪಟ್ಟಿಗೂ ಅಧಿಕ. ಇವುಗಳಲ್ಲಿ ಒಂದು ಪಾಲು ಸಿಡಿಯಲೇ ಇಲ್ಲ. ವಿಯೆಟ್ನಾಂ ಸರ್ಕಾರದ ಅಂದಾಜಿನಂತೆ ಆ ದೇಶದ ನೆಲದಲ್ಲಿ ಉಳಿದ ಸಿಡಿಯದ ಮದ್ದುಗುಂಡುಗಳ ತೂಕ ಸುಮಾರು ಎಂಟು ಲಕ್ಷ ಟನ್. 1975ರಲ್ಲಿ ಯುದ್ಧ ಮುಗಿದ ಮೇಲೆ ಇವುಗಳಿಂದ ಸತ್ತವರು ಸುಮಾರು 40,000 ಮಂದಿ, ಗಾಯಗೊಂಡವರು ಸುಮಾರು 60,000 ಮಂದಿ. ಶಾಂತಿಕಾಲದಲ್ಲಿ ಯುದ್ಧ ಕೊಂದವರ ಲೆಕ್ಕವಿದು.

ಇವುಗಳಲ್ಲಿ ಅತಿ ಘೋರವಾದುದು ಗೊಂಚಲು ಬಾಂಬು. ವಿಮಾನದಿಂದ ಬಿದ್ದ ಒಂದು ದೊಡ್ಡ ಲೋಹದ ಚಿಪ್ಪು ಆಕಾಶದಲ್ಲೇ ಬಿಚ್ಚಿಕೊಳ್ಳುತ್ತದೆ. ಅದರೊಳಗಿಂದ ಕಿತ್ತಳೆ ಹಣ್ಣಿನ ಗಾತ್ರದ ಆರುನೂರಕ್ಕೂ ಹೆಚ್ಚು ಮರಿಬಾಂಬುಗಳು ವಿಶಾಲ ಪ್ರದೇಶದಲ್ಲಿ ಚೆದರುತ್ತವೆ. ಪ್ರತಿಯೊಂದರ ಕವಚದಲ್ಲೂ ನೂರಾರು ಉಕ್ಕಿನ ಗುಂಡುಗಳು. ಬೀಳುವಾಗ ಗಿರಗಿರನೆ ತಿರುಗಿ, ಆ ತಿರುಗುವಿಕೆಯಿಂದ ಸಜ್ಜಾಗಿ, ನೆಲಕ್ಕೆ ಬಡಿದಾಗ ಸಿಡಿಯುವಂತೆ ಇವುಗಳನ್ನು ಮಾಡಲಾಗಿತ್ತು. ಮರದ ಕೊಂಬೆಗೆ ತಾಗಿದವು, ಗದ್ದೆಯ ಮೆತ್ತನೆಯ ಕೆಸರಿಗೆ ಬಿದ್ದವು, ತಯಾರಿಕೆಯಲ್ಲೇ ದೋಷವಿದ್ದವು ಹಾಗೆಯೇ ಉಳಿದವು. ಹೀಗೆ ಸಿಡಿಯದೆ ಉಳಿದವು ನೂರಕ್ಕೆ ಹತ್ತರಿಂದ ಮೂವತ್ತು ಎಂದು ತಜ್ಞರ ಎಣಿಕೆ. ಮಳೆಗೆ ಮಣ್ಣು ಕೊಚ್ಚಿಹೋದಾಗ ಅವು ಮೇಲೆ ಬರುತ್ತವೆ. ದನ ಕಾಯುವ ಹುಡುಗನ ಕಣ್ಣಿಗೆ ಅದು ಆಟದ ಚೆಂಡು. ಹಸಿದ ಬಡವನ ಕಣ್ಣಿಗೆ ಗುಜರಿ ಅಂಗಡಿಗೆ ಮಾರಬಹುದಾದ ಕಬ್ಬಿಣ. ಗುದ್ದಲಿ ಎತ್ತಿದ ರೈತನಿಗೋ ಅದು ಕಾಣುವುದೇ ಇಲ್ಲ.

ಈ ಬಾಧೆ ಅತಿ ದಟ್ಟವಾಗಿರುವುದು ನಡುನಾಡಿನ ಕ್ವಾಂಗ್ ಟ್ರಿಯಲ್ಲಿ. 1954ರ ಜಿನೀವ ಒಪ್ಪಂದ ದೇಶವನ್ನು ಉತ್ತರ ದಕ್ಷಿಣಗಳೆಂದು ಸೀಳಿದಾಗ ಗಡಿಯಾದ ಬೆನ್ ಹಾಯ್ ನದಿ ಹರಿಯುವುದು ಇಲ್ಲೇ. ನಮ್ಮ ಕುಟುಂಬಗಳಲ್ಲಿ ಮಾತೆ ಮರಿಯಮ್ಮನವರ ಭಕ್ತರಾದವರಿಗೆ ಈ ಸೀಮೆಯ ಇನ್ನೊಂದು ಹೆಸರು ತಿಳಿದಿರಬಹುದು: ಲಾ ವಾಂಗ್. 1798ರ ಹಿಂಸೆಯ ದಿನಗಳಲ್ಲಿ ಕಾಡಿಗೆ ಓಡಿಹೋದ ಕ್ರೈಸ್ತರಿಗೆ ಮಾತೆ ಮರಿಯ ಮಗುವನ್ನೆತ್ತಿಕೊಂಡು ದರ್ಶನವಿತ್ತು, ರೋಗಿಗಳಿಗೆ ಕಾಡಿನ ಎಲೆಗಳನ್ನು ಕುದಿಸಿ ಕುಡಿಸುವಂತೆ ತಿಳಿಸಿದರೆಂಬುದು ಅಲ್ಲಿನ ಭಕ್ತರ ಪರಂಪರಾಗತ ನಂಬಿಕೆ. 1961ರಲ್ಲಿ ಬಸಿಲಿಕದ ಗೌರವ ಪಡೆದ ಅಲ್ಲಿನ ದೇವಾಲಯ 1972ರ ಕದನದಲ್ಲಿ ನೆಲಸಮವಾಯಿತು. ಗಂಟೆಗೋಪುರವೊಂದು ಗಾಯಗೊಂಡು ನಿಂತಿತು. ಓಡಿಬಂದವರಿಗೆ ಒಮ್ಮೆ ಆಸರೆಯಾದ ಆ ಸೀಮೆಯಲ್ಲಿ ಆಮೇಲೆ ಕಾಲಿಡುವುದಕ್ಕೂ ಅಂಜಬೇಕಾದ ಸ್ಥಿತಿ ಬಂತು. 1975ರಿಂದ ಈಚೆಗೆ ಕ್ವಾಂಗ್ ಟ್ರಿಯೊಂದರಲ್ಲೇ ಎಂಟು ಸಾವಿರಕ್ಕೂ ಹೆಚ್ಚು ಜನ ಈ ಬಾಂಬುಗಳಿಗೆ ಸಿಕ್ಕಿ ಸತ್ತಿದ್ದಾರೆ ಇಲ್ಲವೆ ಅಂಗಹೀನರಾಗಿದ್ದಾರೆ.

ದಾಳಿಯ ದಫ್ತರ ದಾರಿದೀಪವಾದದ್ದು

ಪೀಟರ್ಸನ್ ಅವರಿಗೆ ವಾಷಿಂಗ್ಟನ್ ಒಪ್ಪಿಸಿದ್ದ ಮೊದಲ ಕಾರ್ಯ ಬಾಂಬು ತೆಗೆಯುವುದಾಗಿರಲಿಲ್ಲ. ಯುದ್ಧದಲ್ಲಿ ಕಾಣೆಯಾದ ಅಮೆರಿಕದ ಯೋಧರ ಅವಶೇಷಗಳನ್ನು ಹುಡುಕಿಸಿ ತಾಯ್ನಾಡಿಗೆ ಕಳುಹಿಸುವುದೇ ಅಂದಿನ ಸಂಬಂಧದ ಮೂಲ ಷರತ್ತಾಗಿತ್ತು. ಕಾಣೆಯಾದ ಅಮೆರಿಕನ್ನರು ಸುಮಾರು ಎರಡು ಸಾವಿರ. ಕಾಣೆಯಾದ ವಿಯೆಟ್ನಾಮಿಗರು ಸುಮಾರು ಮೂರು ಲಕ್ಷ. ಆದರೂ ತಮ್ಮ ಮಕ್ಕಳ ಎಲುಬು ಸಿಗದ ಹಳ್ಳಿಗರೇ ಹೊಲ ಅಗೆದು ಪರದೇಶದ ತಾಯಂದಿರ ಮಕ್ಕಳ ಎಲುಬುಗಳನ್ನು ಹುಡುಕಿಕೊಟ್ಟರು. 2001ರ ಏಪ್ರಿಲ್‌ನಲ್ಲಿ ಇಂಥದೇ ಶೋಧನೆಗೆ ಹೊರಟಿದ್ದ ಹೆಲಿಕಾಪ್ಟರೊಂದು ಬೆಟ್ಟಕ್ಕೆ ಅಪ್ಪಳಿಸಿ ಏಳು ಅಮೆರಿಕನ್ನರೂ ಒಂಬತ್ತು ವಿಯೆಟ್ನಾಮಿಗರೂ ಮಡಿದರು. ಹಿಂದೆ ಒಬ್ಬರನ್ನೊಬ್ಬರು ಕೊಲ್ಲಹೊರಟ ಎರಡು ಸೇನೆಗಳವರು ಈ ಬಾರಿ ಒಂದೇ ಕೆಲಸದಲ್ಲಿ ಒಟ್ಟಿಗೆ ಪ್ರಾಣ ಕೊಟ್ಟಿದ್ದರು.

ಇಂಥ ನೆರವಿಗೆ ಪ್ರತಿಯಾಗಿ ನಾವೇನು ಕೊಟ್ಟೆವು ಎಂಬ ಪ್ರಶ್ನೆ ಅಮೆರಿಕದ ಮುಂದೆ ನಿಂತಿತ್ತು. ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರ ಒತ್ತಾಯದಿಂದ 1989ರಲ್ಲಿ ಆರಂಭವಾದ ನಿಧಿಯೊಂದು ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗ ಒದಗಿಸುತ್ತಿತ್ತು. 1995ರಲ್ಲಿ ಸ್ಥಾಪನೆಗೊಂಡ ‘ಪೀಸ್‌ಟ್ರೀಸ್ ವಿಯೆಟ್ನಾಂ’ ಎಂಬ ಸಂಸ್ಥೆ ಕ್ವಾಂಗ್ ಟ್ರಿಯಲ್ಲಿ ಬಾಂಬು ತೆಗೆಸಿದ ನೆಲದಲ್ಲಿ ಸಸಿ ನೆಡುತ್ತಿತ್ತು. ಅದನ್ನು ಕಟ್ಟಿದ ದಂಪತಿಗಳಲ್ಲಿ ಪತ್ನಿಯಾದ ಜೆರಿಲಿನ್ ಬ್ರುಸೋ ಅವರ ತಮ್ಮ ಹೆಲಿಕಾಪ್ಟರ್ ಚಾಲಕರಾಗಿ 1969ರಲ್ಲಿ ಆ ಯುದ್ಧದಲ್ಲಿ ಸತ್ತವರು. ಪೀಟರ್ಸನ್ ಅವರ ರಾಯಭಾರದ ವರ್ಷಗಳಲ್ಲಿ ಇಂಥ ಬಿಡಿಬಿಡಿ ಯತ್ನಗಳಿಗೆ ಸರ್ಕಾರಗಳ ನಡುವಣ ಸಹಕಾರದ ಬಲ ಬಂದಿತು. ಬಾಂಬು ತೆಗೆಯುವ ಕೆಲಸಕ್ಕೆ ಅಮೆರಿಕದ ಉಪಕರಣ, ತರಬೇತಿ, ಹಣ ಹರಿಯತೊಡಗಿದವು.

2000ನೆಯ ಇಸವಿಯ ನವೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಹನೋಯಿಗೆ ಬಂದರು. ಯುದ್ಧಾನಂತರ ವಿಯೆಟ್ನಾಮಿಗೆ ಅಮೆರಿಕದ ಅಧ್ಯಕ್ಷರೊಬ್ಬರ ಮೊದಲ ಭೇಟಿಯದು. ಅವರನ್ನು ಎದುರುಗೊಂಡ ರಾಯಭಾರಿ ಮಾಜಿ ಸೆರೆಯಾಳು. ಆ ಸಂದರ್ಭದಲ್ಲಿ ಅಮೆರಿಕ ಒಂದು ಅಪೂರ್ವ ಕೊಡುಗೆ ನೀಡಿತು. 1964ರಿಂದ 1975ರವರೆಗೆ ತನ್ನ ವಿಮಾನಗಳು ಆ ಮೂರು ದೇಶಗಳ ಮೇಲೆ ನಡೆಸಿದ ದಾಳಿಗಳ ದಫ್ತರವದು. ಯಾವ ದಿನ, ಯಾವ ಸ್ಥಳದಲ್ಲಿ, ಯಾವ ಬಗೆಯ ಬಾಂಬು, ಎಷ್ಟು ಎಂಬ ವಿವರ ಅದರಲ್ಲಿ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಯುದ್ಧಕಾಲದಲ್ಲಿ ಅಧಿಕಾರಿಗಳು ತಮ್ಮ ದಾಳಿಯ ದಕ್ಷತೆಯನ್ನು ಅಳೆಯಲು ಬರೆದಿಟ್ಟ ಲೆಕ್ಕ ಈಗ ಎಲ್ಲಿ ಅಗೆಯಬೇಕೆಂದು ತೋರಿಸುವ ನಕ್ಷೆಯಾಯಿತು. ಪೀಟರ್ಸನ್ ಅವರ ಕಾಲದ ಹಾರಾಟಗಳು ನಡೆದ ವರ್ಷಗಳೂ ಆ ದಫ್ತರದೊಳಗೇ ಸೇರಿವೆ.

ಪಶ್ಚಾತ್ತಾಪ ಎಂಬ ಪದವನ್ನು ನಾವು ದೇವಾಲಯದಲ್ಲಿ ಆಗಾಗ ಕೇಳುತ್ತೇವೆ. ಪಾಪನಿವೇದನೆಯ ತಯಾರಿಯಲ್ಲಿ ಗುರುಗಳು ನಮಗೆ ಕಲಿಸುವುದು ಮನಸ್ಸಿನ ನೋವಿಗೆ ನಿಲ್ಲಬೇಡಿ, ಕದ್ದದ್ದನ್ನು ಹಿಂದಿರುಗಿಸಿ, ಕೆಡಿಸಿದ್ದನ್ನು ಸರಿಪಡಿಸಿ ಎಂದಲ್ಲವೆ? ಮಾಡಿದ ತಪ್ಪುಗಳ ಪಟ್ಟಿಯನ್ನು ಪೆಟ್ಟು ತಿಂದವನ ಕೈಗೇ ಕೊಡುವುದು ಸರಿಪಡಿಸುವ ಕೆಲಸದ ಮೊದಲ ಹೆಜ್ಜೆ. ಅಮೆರಿಕ ಅಧಿಕೃತವಾಗಿ ಕ್ಷಮೆ ಕೇಳಲಿಲ್ಲ. ಯುದ್ಧ ಪರಿಹಾರ ಎಂಬ ಪದವನ್ನೂ ಬಳಸಲಿಲ್ಲ. ಮಾನವೀಯ ನೆರವು ಎಂದಷ್ಟೇ ಹೇಳಿತು. ಈ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಪಟ್ಟಿ ಕೈಗೆ ಬಂದಿತು, ಅಗೆಯುವವರಿಗೆ ಅದು ಉಪಯೋಗಕ್ಕೆ ಒದಗಿತು ಎಂಬುದೂ ಅಷ್ಟೇ ಸತ್ಯ.

ಗದ್ದೆಯಲ್ಲಿ ನಡೆಯುವ ಕೆಲಸ

2001ರಲ್ಲಿ ಕ್ವಾಂಗ್ ಟ್ರಿಯ ಸ್ಥಳೀಯ ಆಡಳಿತವೂ ಅಮೆರಿಕದ ಮಾಜಿ ಯೋಧರ ಸಂಸ್ಥೆಯೊಂದೂ ಕೂಡಿ ‘ಪ್ರಾಜೆಕ್ಟ್ ರಿನ್ಯೂ’ ಎಂಬ ಕಾರ್ಯವನ್ನು ಆರಂಭಿಸಿದವು. ಯುದ್ಧಕಾಲದಲ್ಲಿ ಸೈಗಾನ್‌ನಲ್ಲಿ ಅಮೆರಿಕ ಸೇನೆಯ ಬೇಹು ವಿಭಾಗದಲ್ಲಿ ದುಡಿದು, 1995ರಲ್ಲಿ ಹನೋಯಿಗೆ ಬಂದು ನೆಲೆಸಿದ ಚಕ್ ಸರ್ಸಿ ಅವರು ಅದರ ಸ್ಥಾಪಕರಲ್ಲಿ ಒಬ್ಬರು. ನಾರ್ವೆ ದೇಶದ ಸೇವಾಸಂಸ್ಥೆಯೂ ಬ್ರಿಟನ್ನಿನ ಮೈನ್ಸ್ ಅಡ್ವೈಸರಿ ಗ್ರೂಪ್ ಸಂಸ್ಥೆಯೂ ಆ ಸೀಮೆಯಲ್ಲಿ ದುಡಿದವು. ಆದರೆ ಮರೆಯಬಾರದ ಸಂಗತಿಯೆಂದರೆ ಲೋಹಶೋಧಕ ಹಿಡಿದು ಗದ್ದೆಗೆ ಇಳಿಯುವವರು ಬಹುಪಾಲು ವಿಯೆಟ್ನಾಮಿನ ಯುವಕ ಯುವತಿಯರು. ದೇಶದ ಉದ್ದಗಲದ ಬಹುಪಾಲು ಕೆಲಸವನ್ನು ವಿಯೆಟ್ನಾಂ ಸರ್ಕಾರ ತನ್ನದೇ ಸೇನೆಯಿಂದ, ತನ್ನದೇ ಬೊಕ್ಕಸದಿಂದ ಮಾಡಿಸುತ್ತದೆ.

ಕೆಲಸದ ಬಗೆ ಹೀಗೆ. ಮೊದಲು ಹಳ್ಳಿಗರನ್ನು ವಿಚಾರಿಸುತ್ತಾರೆ: ಎಲ್ಲಿ ಬಾಂಬು ಕಂಡಿರಿ, ಎಲ್ಲಿ ಯಾರಿಗೆ ಅಪಘಾತವಾಯಿತು? ಹಳೆಯ ದಾಳಿಯ ದಫ್ತರದೊಂದಿಗೆ ಆ ಉತ್ತರಗಳನ್ನು ತಾಳೆ ನೋಡುತ್ತಾರೆ. ಗೊಂಚಲು ಬಾಂಬು ಬಿದ್ದದ್ದು ಖಚಿತವಾದ ಜಾಗವನ್ನು ಚೌಕಗಳಾಗಿ ವಿಂಗಡಿಸಿ, ಸಾಲು ಹಿಡಿದು, ಅಡಿ ಅಡಿಗೂ ಶೋಧಕ ಆಡಿಸುತ್ತಾರೆ. ಸದ್ದು ಬಂದಲ್ಲಿ ಕೆಂಪು ಗುರುತು ನೆಟ್ಟು, ಸಣ್ಣ ಕರಣಿಯಿಂದ ಪಕ್ಕದಿಂದ ಮೆಲ್ಲನೆ ಮಣ್ಣು ಸರಿಸುತ್ತಾರೆ. ಅನೇಕ ಬಾರಿ ಸಿಗುವುದು ತುಕ್ಕು ಹಿಡಿದ ಮೊಳೆಯೋ ಡಬ್ಬಿಯ ಚೂರೋ ಆಗಿರುತ್ತದೆ. ಬಾಂಬೇ ಆಗಿದ್ದರೆ ಸುತ್ತಲಿನವರನ್ನು ದೂರ ಕಳುಹಿಸಿ ಅಲ್ಲಿಯೇ ಸಿಡಿಸುತ್ತಾರೆ. ನೂರು ಬಾರಿ ಮೊಳೆ ಸಿಕ್ಕಿತೆಂದು ನೂರಾ ಒಂದನೆಯ ಬಾರಿ ಅಲಕ್ಷ್ಯ ಮಾಡುವಂತಿಲ್ಲ. ಬಾಂಬು ಕಂಡರೆ ಮುಟ್ಟಬೇಡಿ, ಗುರುತಿಟ್ಟು ಫೋನ್ ಮಾಡಿ ಎಂದು ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಇದರ ಫಲವೂ ಕಾಣಿಸಿದೆ. ಹಿಂದೆ ವರ್ಷಕ್ಕೆ ಹತ್ತಾರು ಮಂದಿ ಬಲಿಯಾಗುತ್ತಿದ್ದ ಕ್ವಾಂಗ್ ಟ್ರಿಯಲ್ಲಿ ಈಚಿನ ವರ್ಷಗಳಲ್ಲಿ ಅಪಘಾತಗಳು ಬೆರಳೆಣಿಕೆಗೆ ಇಳಿದಿವೆ.

ಮಕ್ಕಳ ಪ್ರಾಣ ಪೀಟರ್ಸನ್ ಅವರ ಮನಸ್ಸಿಗೂ ನಾಟಿದ ವಿಷಯ. 2001ರಲ್ಲಿ ರಾಯಭಾರದಿಂದ ನಿವೃತ್ತರಾದ ಮೇಲೆ ಅವರು ಏಷ್ಯದ ಮಕ್ಕಳನ್ನು ಅಪಘಾತಗಳಿಂದ ಕಾಪಾಡುವ ಸಂಸ್ಥೆಯೊಂದನ್ನು ಪತ್ನಿಯೊಡನೆ ಕಟ್ಟಿದರು. ಯುನಿಸೆಫ್ ನೆರವಿನೊಂದಿಗೆ ನಡೆದ ಸಮೀಕ್ಷೆಗಳು ನೀರಿನಲ್ಲಿ ಮುಳುಗುವುದೂ ರಸ್ತೆ ಅಪಘಾತವೂ ಎಷ್ಟೊಂದು ಮಕ್ಕಳನ್ನು ಒಯ್ಯುತ್ತವೆಂಬುದನ್ನು ಸರ್ಕಾರಗಳ ಕಣ್ಣಿಗೆ ಕಾಣಿಸಿದವು. ಮೋಟಾರ್ ಸೈಕಲ್ ಸವಾರರು ಹೆಲ್ಮೆಟ್ ಧರಿಸಬೇಕೆಂದು ಅವರು ರಾಯಭಾರಿಯಾಗಿದ್ದಾಗಲೇ ಒತ್ತಾಯಿಸುತ್ತಿದ್ದರು. ವಿಯೆಟ್ನಾಂ 2007ರ ಡಿಸೆಂಬರ್‌ನಲ್ಲಿ ಅದನ್ನು ಎಲ್ಲ ರಸ್ತೆಗಳಲ್ಲೂ ಕಡ್ಡಾಯ ಮಾಡಿತು. ರಸ್ತೆಯಲ್ಲಿ ಮಗನನ್ನು ಕಳೆದುಕೊಂಡ ತಂದೆಯ ಕೆಲಸವಿದೆಂದು ನೆನೆದಾಗ ಅದರ ತೂಕ ಬೇರೆಯಾಗುತ್ತದೆ.

ಮುಗಿಯದ ಲೆಕ್ಕ

ಇಷ್ಟಾದ ಮೇಲೂ ಕಥೆ ಸುಖಾಂತವೆಂದು ಹೇಳಲಾಗದು. ಜಗತ್ತು 1997ರಲ್ಲಿ ನೆಲಬಾಂಬು ನಿಷೇಧದ ಒಟ್ಟಾವ ಒಪ್ಪಂದವನ್ನೂ 2008ರಲ್ಲಿ ಗೊಂಚಲು ಬಾಂಬು ನಿಷೇಧದ ಒಪ್ಪಂದವನ್ನೂ ರೂಪಿಸಿತು. ವ್ಯಾಟಿಕನ್ ಎರಡಕ್ಕೂ ಸಹಿ ಹಾಕಿದೆ. ಎರಡನೆಯದಕ್ಕಂತೂ ಸಹಿ ಮತ್ತು ಅನುಮೋದನೆಗಳನ್ನು ಒಂದೇ ದಿನ ನೀಡಿತು. ಅಮೆರಿಕ ಈ ಎರಡರಲ್ಲೂ ಸೇರಿಲ್ಲ. ವಿಯೆಟ್ನಾಂ ಸೇರಿಲ್ಲ. ನಮ್ಮ ಭಾರತವೂ ಸೇರಿಲ್ಲ. 2023ರಲ್ಲಿ ಅಮೆರಿಕ ಯುಕ್ರೇನಿಗೆ ಗೊಂಚಲು ಬಾಂಬುಗಳನ್ನು ಕಳುಹಿಸಿತು. ಒಂದು ದೇಶದ ಗದ್ದೆಯಿಂದ ಅವುಗಳನ್ನು ಹೆಕ್ಕಲು ಹಣ ಕೊಡುತ್ತಲೇ ಇನ್ನೊಂದು ದೇಶದ ಗೋಧಿಹೊಲದಲ್ಲಿ ಅವು ಬೀಳಲು ಕಾರಣವಾಯಿತು. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶೀ ನೆರವನ್ನು ತಡೆಹಿಡಿದಾಗ ಕ್ವಾಂಗ್ ಟ್ರಿಯ ಶೋಧಕ ತಂಡಗಳು ಕೆಲಕಾಲ ಕೈಕಟ್ಟಿ ಕೂರಬೇಕಾಯಿತು. ಕೆಲಸ ಮತ್ತೆ ಆರಂಭವಾಯಿತಾದರೂ, ದಾನವೆಂದು ಕೊಟ್ಟದ್ದನ್ನು ದಾನಿ ಯಾವಾಗ ಬೇಕಾದರೂ ನಿಲ್ಲಿಸಬಲ್ಲನೆಂಬುದು ಎಲ್ಲರಿಗೂ ಅರಿವಾಯಿತು. ಸಾಲವೆಂದು ಒಪ್ಪಿಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು. 1997ರಲ್ಲಿ ವಿಯೆಟ್ನಾಂ ತನ್ನದಲ್ಲದ ಸಾಲವನ್ನು ಸಾಲವೆಂದೇ ಒಪ್ಪಿತ್ತು.

ಹಾಗಾದರೆ ಪೀಟರ್ಸನ್ ಅವರ ಬದುಕಿನಿಂದ ಏನಾಯಿತು? ಒಬ್ಬ ರಾಯಭಾರಿ ತನ್ನ ದೇಶದ ನೀತಿಯನ್ನು ಒಂಟಿಯಾಗಿ ಬದಲಿಸಲಾರ. ಬಾಂಬು ತೆಗೆಯುವ ಶ್ರಮದ ಕೀರ್ತಿ ಗದ್ದೆಯಲ್ಲಿ ಬಗ್ಗಿ ಮಣ್ಣು ಸರಿಸುವವರದೇ ಹೊರತು ಕಚೇರಿಯಲ್ಲಿ ಕುಳಿತವರದಲ್ಲ. ಆದರೆ ಆ ಗದ್ದೆಗೆ ದಾರಿ ತೆರೆಯಬೇಕಾದರೆ ಮೊದಲು ಎರಡು ಶತ್ರುರಾಷ್ಟ್ರಗಳು ಮಾತಾಡಬೇಕಿತ್ತು. ಮಾತಾಡಲು ನಂಬಿಕೆ ಬೇಕಿತ್ತು. ಸೆರೆಯಲ್ಲಿ ನರಳಿದವನೇ ದೂರು ಹೇಳದೆ ಬಾಗಿಲು ತಟ್ಟಿದಾಗ, ಸಂಬಂಧ ಬೇಡವೆನ್ನುವವರಿಗೆ ಎರಡೂ ಕಡೆ ಬಾಯಿ ಕಟ್ಟಿತು. ಪೆಟ್ಟು ಕೊಟ್ಟವನೂ ಪೆಟ್ಟು ತಿಂದವನೂ ಆಗಿದ್ದ ಒಬ್ಬ ಮನುಷ್ಯ ತನ್ನ ಪೆಟ್ಟಿನ ಲೆಕ್ಕ ಬಿಟ್ಟುಕೊಟ್ಟು, ತಾನು ಕೊಟ್ಟ ಪೆಟ್ಟಿನ ಲೆಕ್ಕದತ್ತ ತಿರುಗಿದ. ನಮ್ಮಲ್ಲಿ ಬಹುಮಂದಿ ಮಾಡುವುದು ಇದರ ತಿರುವುಮುರುವು. ನಮಗಾದ ಅನ್ಯಾಯದ ದಫ್ತರವನ್ನು ದಿನವೂ ತೆರೆದು ಓದುತ್ತೇವೆ. ನಾವು ಮಾಡಿದ್ದರ ದಫ್ತರಕ್ಕೆ ಬೀಗ ಹಾಕಿರುತ್ತೇವೆ.

ಕತ್ತಿಗಳು ನೇಗಿಲಿನ ಗುಳಗಳಾಗುವ ದಿನವನ್ನು ಪ್ರವಾದಿ ಯೆಶಾಯರು ಕಂಡರು. ಕ್ವಾಂಗ್ ಟ್ರಿಯ ರೈತನಿಗೆ ಆ ಮಾತಿನ ಕಷ್ಟ ಚೆನ್ನಾಗಿ ಗೊತ್ತು. ಅಲ್ಲಿ ನೇಗಿಲು ಹೂಡುವ ಮೊದಲು ಕತ್ತಿಯನ್ನು ಮಣ್ಣಿನಿಂದ ಹೊರತೆಗೆಯಬೇಕು, ಅದೂ ಕೈ ನಡುಗದಂತೆ. ಈ ಬರಹ ಓದುತ್ತಿರುವ ಹೊತ್ತಿನಲ್ಲೂ ಅಲ್ಲೊಬ್ಬ ಯುವತಿ ಶೋಧಕ ಹಿಡಿದು ಗದ್ದೆಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿರಬಹುದು. ಆ ಬಾಂಬು ಬಿದ್ದಾಗ ಅವಳು ಹುಟ್ಟಿರಲಿಲ್ಲ. ಅದನ್ನು ಬೀಳಿಸಿದವರಲ್ಲಿ ಹಲವರು ಇಂದು ಇಲ್ಲ. ಅವರ ಬಾಕಿಯನ್ನು ಅವಳು ತೀರಿಸುತ್ತಿದ್ದಾಳೆ, ನಾಳೆ ಆ ಗದ್ದೆಗೆ ಇಳಿಯಲಿರುವ ಮಕ್ಕಳಿಗಾಗಿ. ನಮ್ಮ ಮಕ್ಕಳಿಗೆ ನಾವು ಬಿಟ್ಟುಹೋಗುವ ಹೊಲದಲ್ಲಿ, ಮನೆಯಲ್ಲಿ, ಮನಸ್ಸಿನಲ್ಲಿ ಏನೇನು ಹೂತಿದೆ ಎಂಬುದನ್ನು ನಾವು ಬದುಕಿರುವಾಗಲೇ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.